ಹಿಂದಿನ ಗಾಡಿ

ಉಸ್ತಾದರ ಬಲಗೈ ಎಡಗೈಗಿಂತ ಕಪ್ಪಾಗಿತ್ತು. ವರ್ಷಗಟ್ಟಲೆ ಮೋಟಾರಿನ ಕಿಟಕಿಯ ಮೇಲೆ ಮೊಣಕೈ ಊರಿ ಬಿಸಿಲುಂಡ ಕೈ ಅದು. ನಮ್ಮ ಕಡೆ ಡ್ರೈವರರಿಗೆ ಉಸ್ತಾದ ಎನ್ನುವುದು ರೂಢಿ. ನಿಜಾಮರ ಕಾಲದಲ್ಲಿ ಔರಾದದಿಂದ ಬೀದರಕ್ಕೆ ಇವರು ಗಾಡಿ ಓಡಿಸುತ್ತಿದ್ದರು, ನಾನು ಕಂಡಕ್ಟರ್. ಉಸ್ತಾದರು ಭಾಲ್ಕಿಯ ಮುಸಲ್ಮಾನರು, ಕನ್ನಡದಲ್ಲಿ ನನಗಿಂತ ಸೊಗಸಾಗಿ ಬೈಯುತ್ತಿದ್ದರು.

ಸಂತೆಯ ದಿನ ಆ ದಾರಿಗೆ ಎರಡು ಗಾಡಿ, ನಡುವೆ ಅರ್ಧ ತಾಸಿನ ಅಂತರ. ಬೀದರ ಮುಟ್ಟುವಷ್ಟರಲ್ಲಿ ಮಾತ್ರ ಒಂದರ ಬೆನ್ನಿಗೆ ಇನ್ನೊಂದು. "ಮದುವಿ ಬರಾತ್ ಹೊಂಟದೇನ್ರಿ ಉಸ್ತಾದ?" ಎಂದು ಮಂದಿ ಕಾಡುತ್ತಿದ್ದರು. ಕಾರಣವನ್ನು ಉಸ್ತಾದರು ನನಗೆ ಬಿಡಿಸಿ ಹೇಳಿದ್ದರು. ಮುಂದಿನ ಗಾಡಿ ತುಸು ತಡವಾದರೆ ಸಾಕು, ಊರೂರಲ್ಲೂ ಮಂದಿ ಹೆಚ್ಚು ಕೂಡಿರುತ್ತಾರೆ. ಅವರನ್ನೂ ಅವರ ಕೋಳಿ, ಗಂಟುಗಳನ್ನೂ ಹತ್ತಿಸುವಷ್ಟರಲ್ಲಿ ಇನ್ನಷ್ಟು ತಡ. ಹಿಂದಿನದಕ್ಕೆ ಹತ್ತುವವರೇ ಇಲ್ಲ, ಖಾಲಿ ಓಡಿ ಬಂದು ಇದರ ಬಾಲ ಹಿಡಿಯುತ್ತದೆ. ಮದ್ದನ್ನೂ ಅವರೇ ಕಂಡುಕೊಂಡಿದ್ದರು. ತಡವಾದ ದಿನ, ಇಳಿಯುವವರಿಲ್ಲದ ಕಡೆ ನಿಲ್ಲಿಸುತ್ತಿರಲಿಲ್ಲ. ವೇಗ ತಗ್ಗಿಸಿ, ಕೈ ಹಿಂದಕ್ಕೆ ತೋರಿಸಿ, "ಹಿಂದಿನ ಗಾಡಿ ಖಾಲಿ ಅದ, ಆರಾಮ ಕುಂತ ಬರ್ರಿ" ಎನ್ನುತ್ತಿದ್ದರು. ಮಂದಿ ನಂಬುತ್ತಿದ್ದರು. ಅದು ಬಂದೇ ಬರುತ್ತಿತ್ತು.

ಪೊಲೀಸ್ ಆಕ್ಷನ್ ಮುಗಿದು ಗಾಡಿಗಳು ಮತ್ತೆ ಹೊರಟಾಗ ಹಳ್ಳಿಗಳಲ್ಲಿ ಭಯ ಇನ್ನೂ ಇಳಿದಿರಲಿಲ್ಲ. ಮೊದಲು ರಜಾಕಾರರಿಗೆ ಹೆದರಿ ಹಿಂದೂಗಳು ಊರು ಬಿಟ್ಟಿದ್ದರು. ಈಗ ಮುಸಲ್ಮಾನರ ಸರದಿ. ಅಂಥದ್ದೊಂದು ಸಂತೆಯ ದಿನ, ಸಂತಪುರ ದಾಟಿದ ಮೇಲೆ, ದಾರಿ ಬದಿಯಲ್ಲಿ ಒಬ್ಬ ಮುದುಕಿ, ಅವಳ ಸೊಸೆಯಂಥ ಹೆಂಗಸು, ಒಂದು ಹುಡುಗಿ ಗಂಟುಗಳ ಮೇಲೆ ಕುಳಿತಿದ್ದರು. ಹುಡುಗಿ ಎದ್ದು ಕೈಯೆತ್ತಿದಳು. ಗಾಡಿಯಲ್ಲಿ ನಿಲ್ಲಲು ಜಾಗವಿತ್ತು, ಆದರೆ ತಡವಾಗಿತ್ತು. ಉಸ್ತಾದರು ಎಂದಿನಂತೆ ಹಿಂದಕ್ಕೆ ಕೈ ತೋರಿಸಿ ಅದೇ ಮಾತು ಹೇಳಿದರು. ಮುದುಕಿ ತಲೆಯಾಡಿಸಿದಳು.

ಬೀದರಕ್ಕೆ ಹಿಂದಿನ ಗಾಡಿ ಬರಲೇ ಇಲ್ಲ. ಮುಂದೆ ಗಲಾಟೆಯೆಂದು ಕೇಳಿ ಅದರ ಡ್ರೈವರ್ ಸಂತಪುರದಿಂದಲೇ ವಾಪಸು ಹೋದನೆಂದು ಕಚೇರಿಗೆ ಸುದ್ದಿ ಬಂತು. ಉಸ್ತಾದರು ಯಾರ ಅಪ್ಪಣೆಗೂ ಕಾಯದೆ ಗಾಡಿ ತಿರುಗಿಸಿದರು. ಮುಸಲ್ಮಾನನೊಬ್ಬ ಆ ದಾರಿ ಹಿಡಿಯುವ ದಿನವಲ್ಲ ಅದು. ಬೇಡವೆಂದು ಅಡ್ಡ ನಿಂತೆ.

"ನಾ ಕುಂದರ್ರಿ ಅಂದೀನಿ, ಅವರು ಕುಂತಾರ. ಬರೋದಿದ್ರ ಹತ್ತು, ಇಲ್ಲಾಂದ್ರ ಸರಿ."

ಹತ್ತಿದೆ.

ಆ ಮೂವರು ಕುಳಿತಿದ್ದಲ್ಲಿ ಹುಲ್ಲು ಮಣಿದಿತ್ತು, ಮಂದಿ ಇರಲಿಲ್ಲ. ಹತ್ತಿರದ ಊರಲ್ಲಿ ಮನೆಮನೆಗೆ ಹೋಗಿ ಕೇಳಿದೆವು. ನೋಡಿಲ್ಲ ಎಂದವರು ಯಾರೂ ನಮ್ಮ ಮುಖ ನೋಡಿ ಹೇಳಲಿಲ್ಲ.

ಆಮೇಲೆ ಉಸ್ತಾದರು ದಾರಿಯಲ್ಲಿ ಯಾರೇ ಎತ್ತಿದ ಕೈ ಬಿಟ್ಟು ಮುಂದೆ ಹೋದವರಲ್ಲ. ಗಾಡಿ ದಿನಾ ತಡ, ಸಂತೆಯ ದಿನ ಹಿಂದಿನದು ಬಾಲಕ್ಕೆ. ಕಚೇರಿಯ ಸಾಹೇಬರು ಕರೆಸಿ ಬೈದರು, ಕಡೆಗೆ ಕೆಲಸದಿಂದಲೇ ತೆಗೆದರು.

ಭಾಲ್ಕಿಯಲ್ಲಿ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಕೇಳಿದರು:

"ಆ ಹುಡುಗಿ ಕೈ ಎತ್ತಿದ್ದು ನೀ ನೋಡಿದಿ ಇಲ್ಲೊ?"

"ನೋಡೀನ್ರಿ ಉಸ್ತಾದ."

"ನಾ ಹೋದ ಮ್ಯಾಲ ನೀ ಒಬ್ಬನ ಉಳೀತಿ, ತಮ್ಮಾ. ಮರೀಬ್ಯಾಡ."

ಅದೇ ವಾರ ತೀರಿಕೊಂಡರು. ಹಸಿರು ಓಢಣಿ ಹೊದ್ದಿದ್ದಳು ಆ ಹುಡುಗಿ. ಒಂದು ಕೈ ಎತ್ತಿದ್ದಳು, ಇನ್ನೊಂದರಲ್ಲಿ ಮುದುಕಿಯ ಸೆರಗು ಹಿಡಿದಿದ್ದಳು.