ಅಕ್ಕ ಮಡಚಿಸಿದ ಮೊಣಕಾಲು

ರಾಯಚೂರಿನ ಆಸ್ಪತ್ರೆಯಲ್ಲಿ ನನ್ನ ಬಲ ಮೊಣಕಾಲಿನ ಕೀಲು ಬದಲಿಸಿದ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಕಣ್ಣಿಗೆ ಕತ್ತಲೆ ಕವಿಯಿತು. ಹಿಂದಿನಿಂದ ಹಿಡಿದುಕೊಂಡವಳು ಅಕ್ಕ. ನನ್ನ ಗಂಡ ಬಾಗಿಲಲ್ಲಿ ನಿಂತು, ಆಪರೇಷನ್ ಚೆನ್ನಾಗಿ ಆಯಿತೆಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು.

ನಮ್ಮದು ಮಲ್ಲಟದ ಕೂಲಿ ಮನೆತನ. ಅವ್ವ ತೀರಿಕೊಂಡ ಮೇಲೆ ಅಕ್ಕ ಶಾಲೆ ಬಿಟ್ಟು ಮಾನ್ವಿ ಸುತ್ತಲಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೋದಳು. ನಾನು ಓದಿ ದೇವದುರ್ಗದಲ್ಲಿ ಟೀಚರಾದೆ. ಕೆಸರಿನಲ್ಲೇ ವಯಸ್ಸು ಕಳೆದ ಅವಳ ಕಾಲುಗಳು ಹೊರಕ್ಕೆ ಬಾಗಿ, ನಡೆದರೆ ಮೈಯೆಲ್ಲ ಅತ್ತಿತ್ತ ತೂಗುತ್ತಿತ್ತು. ಆದರೂ ನನ್ನ ಆರೈಕೆಗೆ ಮಗ ಸೊಸೆಯನ್ನು ಊರಲ್ಲಿ ಬಿಟ್ಟು, ಬಸ್ಸು ಬದಲಿಸಿ ಬಂದವಳು ಅವಳೊಬ್ಬಳೇ.

ದೇವದುರ್ಗದ ಮನೆಗೆ ಬಂದ ಮೇಲಿನ ದಿನಗಳನ್ನು ನೆನೆದರೆ ಈಗಲೂ ಬೆವರುತ್ತೇನೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲು ಮಡಚಬೇಕು. ಬಿಟ್ಟರೆ ಕೀಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಆಸ್ಪತ್ರೆಯವರು ಎಚ್ಚರಿಸಿದ್ದರು. ಅಕ್ಕ ನನ್ನ ಪಾದ ಹಿಡಿದು ಒತ್ತುತ್ತಿದ್ದಳು.

“ಬಿಡಕ್ಕಾ, ಸಾಯ್ತೀನಿ!”

“ಸಾಯಂಗಿಲ್ಲ. ಇನ್ನೊಂದೀಟು ಮಡಚು.”

“ನನ್ನ ನೋವು ನಿನಗೇನ್ ಗೊತ್ತದ?”

ಅವಳು ಹಿಡಿತ ಬಿಡಲಿಲ್ಲ. ಆಮೇಲೆ ಮಂಚದ ಅಂಚು ಹಿಡಿದು, ಹಲ್ಲು ಕಚ್ಚಿ ಎದ್ದು, ಅಡುಗೆಗೆ ಹೋದಳು.

“ನಿಮ್ಮಕ್ಕ ಬಂದದ್ದು ಛಲೋ ಆತು. ಅಡಿಗಿ ಚಿಂತಿ ತಪ್ಪಿತು” ಎಂದರು ಗಂಡ. ಅವಳ ಕಾಲಿನ ಬಗ್ಗೆ ಅವರು ಒಂದು ದಿನವೂ ಕೇಳಲಿಲ್ಲ.

ವಾಕರ್ ಬಿಟ್ಟು ಕೋಲು ಹಿಡಿಯುವಷ್ಟಾದಾಗ ಮತ್ತೆ ರಾಯಚೂರಿಗೆ ತೋರಿಸಲು ಹೋದೆವು. ಡಾಕ್ಟರು ನನ್ನ ನಡಿಗೆ ನೋಡಿ ಖುಷಿಪಟ್ಟರು. ನನ್ನ ಹಿಂದೆ ಗೋಡೆ ಹಿಡಿದು ಬಂದ ಅಕ್ಕನ ಕಾಲುಗಳನ್ನು ಬಾಗಿ ನೋಡಿದರು.

“ಇವರನ್ನ ಇಷ್ಟು ದಿನ ಯಾಕ ತೋರಿಸಿಲ್ಲರೀ?”

ಅವರೇ ಪರೀಕ್ಷೆಗಳನ್ನು ಮಾಡಿಸಿದರು. ಮೊಣಕಾಲು ಎರಡೂ ಸವೆದುಹೋಗಿದ್ದವು. ಆದರೆ ಹೃದಯವೂ ಸೋತಿತ್ತು. ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲವೆಂದು ಹೇಳಿ ಗುಳಿಗೆ ಬರೆದುಕೊಟ್ಟರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಹಾಗೇ ನೋಡುತ್ತಲೇ ಅಂದಳು: “ಕಾಲು ತೋರಸಾಕ ಹೋದ್ರ ಗುಂಡಿಗಿ ಹೋಗ್ಯಾದ ಅಂತಾರ. ಹೋಗಬಾರದಿತ್ತು.”

ಮರುದಿನವೇ ಊರಿಗೆ ಹೊರಟಳು. ನಾನು ಇರು ಎಂದೆ. “ನಿನ್ನ ಕಾಲು ಬಂದಾವಲ್ಲ” ಎಂದಳು, ಅಷ್ಟೆ.

ಈಗ ನಾನು ಶಾಲೆಯ ಮೆಟ್ಟಿಲು ಹತ್ತುತ್ತೇನೆ. ಜೊತೆಯವರು ಹೊಸ ಕಾಲು ಎಂದು ಮೆಚ್ಚುತ್ತಾರೆ. ಅವರು ಮೆಚ್ಚಿದಷ್ಟೂ ಬಾಯಿ ಕಹಿಯಾಗುತ್ತದೆ.

ಹೋದ ತಿಂಗಳು ಮಲ್ಲಟಕ್ಕೆ ಹೋಗಿದ್ದೆ. ಅಕ್ಕ ನೆಲದ ಮೇಲೆ ಕೂತಿದ್ದಳು. ಈಗ ಮನೆಯೊಳಗೆ ಕೂತೇ ಸರಿಯುತ್ತಾಳೆ. ನಾನು ಅಂಗಳ ದಾಟಿ ಬರುವುದನ್ನು ಪೂರ್ತಿ ನೋಡಿದಳು.

“ಛಲೋ ನಡ್ಯಾಕತ್ತಿ. ಕೆಳಗ ಕುಂದ್ರಾಕ ಬರ್ತದೇನು?”

“ಇಲ್ಲಕ್ಕಾ. ಡಾಕ್ಟರ್ ಬ್ಯಾಡಂದಾರ.”

ಅಕ್ಕ ಸೊಸೆಯನ್ನು ಕೂಗಿ ಪ್ಲಾಸ್ಟಿಕ್ ಕುರ್ಚಿ ತರಿಸಿದಳು. ನಾನು ಮೇಲೆ ಕೂತೆ, ಅವಳು ನನ್ನ ಕಾಲ ಬಳಿ. ಮಾತಾಡಬೇಕೆಂದರೆ ಅವಳು ಕತ್ತೆತ್ತಿ ನೋಡಬೇಕಿತ್ತು. ನೋಡಲಿಲ್ಲ. ಮುಂದಿದ್ದ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸತೊಡಗಿದಳು.