ಅತ್ತೆಯ ಎಮ್ಮೆಗೆ ಮೈ ಬಂದದ್ದು

ಪೆನ್ಸಿಲ್ ಹೆರೆದಾಗ ಏಳುವ ಕಟ್ಟಿಗೆಯ ವಾಸನೆ ನಿಮಗೂ ಗೊತ್ತಿರಬೇಕು. ಅದು ಮೂಗಿಗೆ ಬಡಿದರೆ ಎಲ್ಲರಿಗೂ ಶಾಲೆ ನೆನಪಾಗುತ್ತದಂತೆ. ನನಗೆ ಎಮ್ಮೆ ನೆನಪಾಗುತ್ತದೆ. ನಗಬೇಡಿ, ಮಕ್ಕಳ ಪುಸ್ತಕಗಳಿಗೆ ಪ್ರಾಣಿಗಳ ಚಿತ್ರ ಬರೆದು ಹೊಟ್ಟೆ ಹೊರೆಯುವವಳು ನಾನು.

ತೊಂಬತ್ತರ ದಶಕದ ಕೊನೆ. ಮರಾಠಿ ಸೀಮೆಯ ಶಿವಾಜಿನಗರದಲ್ಲಿದ್ದ ನಮ್ಮ ಎರಡು ಕೋಣೆಯ ಮನೆಗೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ಬೈಲಹೊಂಗಲದಿಂದ ಕಣ್ಣಿನ ಪೊರೆ ತೆಗೆಸಲು ಬಂದಿದ್ದಳು. ನೋಡಿಕೊಳ್ಳುವವರಿಲ್ಲವೆಂದು ಎಮ್ಮೆಯನ್ನು ಮಾರಿಯೇ ಹೊರಟಿದ್ದಳು. ಆಪರೇಶನ್ನಿನ ಹೆದರಿಕೆಗಿಂತ ಅವಳಿಗೆ ಬೇರೆಯದೇ ಸಂಕಟ. "ಅಕಿ ರೂಪಾನ ನೆನಪಿಗೆ ಬರವಲ್ದು. ನೀ ಚಿತ್ರಾ ತಗೀತಿಯಲ್ಲ, ಅಕಿನ್ನ ಒಂದ್ಸಲ ತಗದು ಕೊಡವಾ," ಎಂದಳು.

ಶಾಲೆಯ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಯಲ್ಲಿ ಎ ಗ್ರೇಡ್ ಪಡೆದು ನೆಲದ ಮೇಲೆ ಕಾಲಿಡದ ಹುಡುಗಿಗೆ ಇನ್ನೇನು ಬೇಕು? ತೆಳು ಗೆರೆಯಲ್ಲಿ, ಎಲ್ಲೂ ರಬ್ಬರ್ ತಾಗಿಸದೆ, ಎಮ್ಮೆ ಬರೆದೆ. ಅತ್ತೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಕಾಗದ ಭಾಳ ಛಲೋ ಅದ. ಎಮ್ಮಿ ಎಲ್ಲದ?"

ಸಿಟ್ಟು ಬಂತು. ಮೈಯೆಲ್ಲ ಗಸಗಸ ಕಪ್ಪು ತುಂಬಿ ಮುಂದೆ ಹಿಡಿದೆ. "ಇದು ಹಂಚು ಆತಲ್ಲವಾ, ಮ್ಯಾಲ ರೊಟ್ಟಿ ಹಾಕಬಹುದು!" ಎಂದು ನಕ್ಕವಳು ಪಕ್ಕದಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದಳು. ಕಣ್ಣು ಮುಚ್ಚಿ, ದಿನಾ ಎಮ್ಮೆಯ ಮೈ ತೊಳೆಯುತ್ತಿದ್ದ ಹಾಗೆಯೇ ಹೊಸ ಕಾಗದದ ಮೇಲೆ ನನ್ನ ಕೈ ಓಡಿಸಿದಳು. "ಕೊರಳಾಗ ಕೂದಲಾ ಕೆಳಗ ಇಳೀತಾವ. ಬೆನ್ನ ಮ್ಯಾಲ ಹಿಂದಕ್ಕ. ಹೊಟ್ಟಿ ಹಂತೇಕ ಕೈ ಹಗೂರ ಮಾಡು, ಅಲ್ಲಿ ಅಕಿಗೆ ಕಚಗುಳಿ." ಪೆನ್ಸಿಲ್ ಆ ದಿಕ್ಕಿಗೇ ಹೋಯಿತು. ಪಕ್ಕೆ ಉಬ್ಬಿದಲ್ಲಿ ಬೆಳಕು ಬಿಟ್ಟೆ, ಕೊರಳಿನ ಮಡಿಕೆಯಲ್ಲಿ ಕಪ್ಪು ಒತ್ತಿದೆ. ನಾನು ಬರೆದ ಪ್ರಾಣಿಗೆ ಮೊದಲ ಸಲ ತೂಕ ಬಂದಿತ್ತು. ಅತ್ತೆಗೆ ಮಾತ್ರ ಏನೋ ಕರ್ರಗೆ ನಿಂತ ಹಾಗೆ ಕಂಡಿತಂತೆ. ಆದರೂ ಆಸ್ಪತ್ರೆಗೆ ಹೊರಟಾಗ ಅದನ್ನು ಚೀಲದಲ್ಲಿಟ್ಟುಕೊಂಡಳು.

ಪಟ್ಟಿ ಬಿಚ್ಚಿದ ದಿನ ನಮ್ಮನ್ನೆಲ್ಲ ಬಿಟ್ಟು ಮೊದಲು ಚಿತ್ರ ಕೇಳಿದಳು. ಬಹಳ ಹೊತ್ತು ನೋಡಿ, "ಕೋಡು ತಪ್ಪ್ಯಾವ," ಎಂದಳು. ಆಮೇಲೆ ಅಂಗೈಯನ್ನು ಕೊರಳಿನಿಂದ ಬೆನ್ನಿಗೆ, ಬೆನ್ನಿನಿಂದ ಬಾಲದವರೆಗೆ ಮೆಲ್ಲಗೆ ಆಡಿಸಿದಳು. ನನ್ನ ಗೆರೆಗಳೆಲ್ಲ ಕಲಸಿಹೋದವು.

"ಮೈ ಅಕೀದ ಅದ."

"ಅಳಬ್ಯಾಡ್ರಿ ಅಕ್ಕಾರ, ಡಾಕ್ಟರ್ ಬೈತಾರ," ಎಂದು ಅವ್ವ ಗಾಬರಿಯಾದಳು.

ಈಗ ಮರಾಠಿ ಪ್ರಕಾಶಕರು ನನ್ನ ಪ್ರಾಣಿಗಳನ್ನು ನೋಡಿ "ಟೆಕ್ಸ್ಚರ್ ಮಸ್ತ್ ಆಹೆ", ಮೈಯ ತರಿ ಸೊಗಸಾಗಿದೆ, ಎನ್ನುತ್ತಾರೆ. ಸಂಕೋಚವಿಲ್ಲದೆ ಹೊಗಳಿಸಿಕೊಳ್ಳುತ್ತೇನೆ, ಅರ್ಧಕ್ಕಿಂತ ಹೆಚ್ಚು ಅತ್ತೆಗೆ ಸಲ್ಲಬೇಕಾದದ್ದು. ಅವಳಿದ್ದಾಗಲೇ ಇದನ್ನು ಹೇಳಿದ್ದೆ, ಪುಣ್ಯ. "ಹೋಗ ನಮ್ಮವ್ವಾ, ನಾ ಎಲ್ಲಿ ಕಲಿಸಿದೆ? ಎಮ್ಮಿ ಮೈ ತೊಳದೆ ಅಷ್ಟ," ಎಂದುಬಿಟ್ಟಿದ್ದಳು.

ಇವತ್ತು ಒಂದು ಕರಡಿ ಮುಗಿಸಿದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದರ ಬೆನ್ನ ಮೇಲೆ ಅಂಗೈ ಆಡಿಸಿದೆ. ಕೈ ಕಪ್ಪಾಯಿತು, ಚಿತ್ರ ಕೆಟ್ಟಿತು, ಕರಡಿ ಮಾತ್ರ ಬಂದಿತ್ತು. ಪ್ರಕಾಶಕರಿಗೆ ನಾಳೆ ಇನ್ನೊಂದು ಬರೆದು ಕಳಿಸುತ್ತೇನೆ. ಇದು ನನ್ನ ಹತ್ತಿರವೇ ಇರಲಿ.