ಹಲಸಿನ ಹಣ್ಣಿನ ವಾಸನೆಯ ಹೊಗೆ

ಭಾನುವಾರ ಬಂತೆಂದರೆ ನಾನು ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತುತ್ತಿದ್ದೆ. ಅತ್ತೆಯನ್ನು ಮಾತಾಡಿಸಿಕೊಂಡು ಬರಲು ಅಂತ ಮನೆಯಲ್ಲಿ ಹೇಳುತ್ತಿದ್ದೆ, ಆದರೆ ಹೋಗುತ್ತಿದ್ದುದು ತನಿಖೆಗೆ. ಈ ಅತ್ತೆ ನಮ್ಮಪ್ಪನ ಅಕ್ಕ. ಮದುವೆಗೆ ಮುಂಚಿನಿಂದ ಅವಳಿಗೆ ಎಲೆಅಡಿಕೆ, ಅದರ ಜೊತೆಗೆ ಕಡ್ಡಿಪುಡಿ. ಹೊಗೆಸೊಪ್ಪಿನ ಕಡ್ಡಿಯನ್ನು ಸಣ್ಣಗೆ ತರಿದರೆ ಕಡ್ಡಿಪುಡಿ. ನಮ್ಮ ಕಡೆ ಸೊಸೆಯಂದಿರು ಮಾವನ ಎದುರಿಗೇ ತಲೆ ಮೇಲೆ ಸೆರಗು ಹೊದ್ದುಕೊಂಡು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಅದೇ ಹೆಂಗಸು ಒಂದು ಬೀಡಿ ಹಚ್ಚಿದಳೋ, ಊರಿಗೆಲ್ಲ ಅದೇ ಮಾತು. ಬಾಯಲ್ಲಿ ಅಗಿದರೆ ಮರ್ಯಾದೆ, ಮೂಗಲ್ಲಿ ಬಿಟ್ಟರೆ ಮಾನಗೇಡಿ. ಈ ಗೆರೆ ಎಳೆದವರು ಯಾರು ಅಂತ ಚಿಕ್ಕಂದಿನಿಂದ ನನಗೆ ಕುತೂಹಲ, ಕೇಳಿದಾಗಲೆಲ್ಲ ಬೈಸಿಕೊಂಡಿದ್ದೇನೆ.

ಆ ವರ್ಷ ಬೇಸಿಗೆಯಲ್ಲಿ ಹಲ್ಲುನೋವು ಅಂತ ಅತ್ತೆಯನ್ನು ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, ಹಲ್ಲಿನ ವಿಷಯ ಬಿಟ್ಟು ಕೆನ್ನೆಯ ಒಳಗಿನ ಬಿಳಿ ಮಚ್ಚೆಯ ವಿಷಯ ಎತ್ತಿದರು. ಹೊಗೆಸೊಪ್ಪು ಇವತ್ತೇ ಬಿಟ್ಟರೆ ಅದು ಹೋದರೂ ಹೋಗಬಹುದು, ಬಿಡದಿದ್ದರೆ ಕೆಟ್ಟದ್ದಕ್ಕೆ ತಿರುಗುತ್ತದೆ, ಸ್ವಲ್ಪ ಬದಲಾದರೂ ತಕ್ಷಣ ಕರೆದುಕೊಂಡು ಬನ್ನಿ ಅಂದರು. ನಾನು ಅದನ್ನೇ ಎರಡೆರಡು ಸಲ ಕೇಳಿ ತಿಳಿದುಕೊಂಡೆ. ಅತ್ತೆ ಮಾತ್ರ ಆ ಡಾಕ್ಟರಮ್ಮನಿಗೆ ಮದುವೆ ಆಗಿದೆಯಾ ಅಂತ ವಿಚಾರಿಸುತ್ತಿದ್ದಳು. ಮನೆಗೆ ಬಂದ ಮೇಲೆ ಅವಳ ಕಡ್ಡಿಪುಡಿಯನ್ನೆಲ್ಲ ನಾನೇ ತಿಪ್ಪೆಗೆ ಸುರಿದೆ. ಆಣೆ ಭಾಷೆ ಎಲ್ಲ ಆಯಿತು. ಆಮೇಲೆ ಪ್ರತಿ ವಾರ ಹೋಗಿ ಬಾಯಿ ತೋರಿಸು ಅಂದರೆ ಒಂದೇ ಉತ್ತರ.

"ನಾನೇನು ಸಂತೇಲಿ ಮಾರಾಕೆ ಕಟ್ಟಿರೋ ಎತ್ತಾ ಕಣಮ್ಮಿ, ಬಾಯಿ ಬುಡ್ಸಿ ಅಲ್ಲು ಎಣ್ಸಾಕೆ? ಬುಟ್ಟಿವ್ನಿ ಅಂದ್ಮೇಲೆ ಬುಟ್ಟಿವ್ನಿ."

ಮೇಲುನೋಟಕ್ಕೆ ಬಿಟ್ಟೇ ಇದ್ದಳು. ಎಲೆ, ಅಡಿಕೆ, ಸುಣ್ಣ, ಕೊಬ್ಬರಿ, ಲವಂಗ ಇಷ್ಟೇ ಸಂಚಿಯಲ್ಲಿ ಇರುತ್ತಿತ್ತು. ಅದನ್ನು ನಾನು ತಲೆಕೆಳಗು ಮಾಡಿ ಒದರಿ ನೋಡುತ್ತಿದ್ದೆ. ನಾನು ಶಾಲೆ ಟೀಚರು, ಮಕ್ಕಳ ಬ್ಯಾಗು ತಡಕಿ ತಡಕಿ ಅಭ್ಯಾಸವಾದ ಕೈ. "ಪೋಲೀಸು ಬಂದ್ಲು" ಅಂತ ಅತ್ತೆ ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳುತ್ತಿದ್ದಳು.

ಅತ್ತೆಯ ಜಮೀನು ಗುಂಡ್ಲುಪೇಟೆ ದಾಟಿದ ಮೇಲೆ ಊಟಿ ರಸ್ತೆಗೆ ಅಂಟಿಕೊಂಡೇ ಇದೆ. ಅಂಥ ಒಂದು ಭಾನುವಾರ ನಾನು ಹೋದಾಗ ಚೆಂಡು ಹೂವು ತುಂಬಿ ನಿಂತಿತ್ತು. ಹೂವಿನ ಕಾಲದಲ್ಲಿ ಆ ರಸ್ತೆಯಲ್ಲಿ ಕೇರಳದ ಕಾರು, ಬೆಂಗಳೂರಿನ ಕಾರು ಸಾಲುಗಟ್ಟಿ ನಿಲ್ಲುತ್ತವೆ. ಜನ ಇಳಿದು ಹೂವಿನ ನಡುವೆ ಕತ್ತು ಓರೆ ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಗಿಡ ತುಳಿದವರಿಗೆ ಅತ್ತೆಯ ಬೈಗುಳ, ತುಳಿಯದವರಿಗೆ ನೀರು ಮಜ್ಜಿಗೆ. ಜಮೀನಿನ ಮುಂದೆ ಒಂದು ಬಸ್ ತಂಗುದಾಣ. ನಾವಿಬ್ಬರೂ ಅದರ ಪಕ್ಕ ಹುಣಸೆಮರದ ಕೆಳಗೆ ಕೂತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ಮೂಗು ಅರಳಿಸಿದಳು.

"ಯಾರೋ ಅಲಸಿನಣ್ಣು ಬುಡುಸ್ತಾವ್ರೆ ಕಣವ್ವ."

ಹಲಸಿನ ಕಾಲ ಮುಗಿದಿತ್ತು. ಆದರೂ ನನಗೂ ಬಂತು ವಾಸನೆ, ಸಿಹಿಯಾಗಿ, ಸ್ವಲ್ಪ ಅತಿಯಾಗಿ. ಎದ್ದು ನೋಡಿದರೆ ತಂಗುದಾಣದ ಕಲ್ಲು ಬೆಂಚಿನ ಮೇಲೆ ಒಬ್ಬ ಬಿಳಿ ಹೆಂಗಸು ಕೂತಿದ್ದಳು. ಅರವತ್ತರ ಮೇಲಿನ ವಯಸ್ಸು, ಹತ್ತಿ ಅಂಗಿ, ಬಿಸಿಲಿಗೆ ಕೆಂಪಾದ ಮೂಗು. ಮೈಸೂರಿನ ಟ್ಯಾಕ್ಸಿಯವನು ಕಾರು ಅಂಚಿಗೆ ಹಾಕಿ ಬಾನೆಟ್ಟಿಗೆ ಒರಗಿದ್ದ. ಆಕೆಯ ಕತ್ತಿನ ದಾರದಲ್ಲಿ ದಪ್ಪ ಪೆನ್ನಿನಂಥದ್ದು ನೇತಾಡುತ್ತಿತ್ತು. ಅದನ್ನು ತುಟಿಗಿಟ್ಟು ಎಳೆದಳು. ತುದಿಯಲ್ಲಿ ಹಸಿರು ದೀಪ ಮಿನುಗಿತು. ಬಾಯಿಂದ ಬಿಳಿ ಹೊಗೆ ಬಂದು, ಬೆಂಕಿಯಿಲ್ಲದೆ ಬೂದಿಯಿಲ್ಲದೆ ಹಾಗೇ ಕರಗಿ ಹೋಯಿತು.

"ಪಾಪ, ದಮ್ಮು ಕಣಮ್ಮಿ. ಔಷ್ದಿ ಎಳ್ಕತಾವ್ಳೆ" ಅಂದಳು ಅತ್ತೆ. ಉಸಿರಾಟದ ತೊಂದರೆಗೆ ಎಳೆದುಕೊಳ್ಳುವ ಪಂಪನ್ನು ಅವಳು ಕಂಡಿದ್ದಳು. ನಾನು ಆ ಪೆನ್ನಿನಂಥದ್ದೇ ಒಂದು ವಸ್ತುವಿನ ಚಿತ್ರ ನಮ್ಮ ಶಾಲೆಗೆ ಬಂದ ಸುತ್ತೋಲೆಯಲ್ಲಿ ನೋಡಿದ್ದೆ, ಮಕ್ಕಳ ಬ್ಯಾಗಿನಲ್ಲಿ ಕಂಡರೆ ತಿಳಿಸಿ ಅಂತ. ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಳಗೆ ಏನಿರುತ್ತದೆ, ಎಣ್ಣೆಯೋ ನೀರೋ, ಬಾಯಿ ಸುಡುವುದಿಲ್ಲವೋ, ಎಲ್ಲ ಕೇಳಿಬಿಡಬೇಕು ಅನ್ನಿಸಿ ಹತ್ತಿರ ಹೋದೆ. ಮಾತು ಶುರು ಮಾಡಬೇಕು ಅನ್ನುವಷ್ಟರಲ್ಲಿ ಪೊಲೀಸ್ ಜೀಪು ಬಂತು.

ಅವರು ಬಂದದ್ದು ಕಾರುಗಳನ್ನು ರಸ್ತೆಯಿಂದ ಸರಿಸಲು. ಆದರೆ ಇಳಿದ ಎಎಸ್‌ಐ ಸಾಹೇಬರ ಮೂಗಿಗೂ ಹಲಸಿನ ವಾಸನೆ ಬಡಿಯಿತು. ದೊಡ್ಡ ಹೊಟ್ಟೆ, ನಿಧಾನದ ಮನುಷ್ಯ. ಆಕೆಯ ಕತ್ತಿನ ಪೆನ್ನು ನೋಡಿದರು, ತಂಗುದಾಣದ ಗೋಡೆಯ ಮೇಲೆ ಧೂಮಪಾನ ನಿಷೇಧ ಅಂತ ಬರೆದದ್ದು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಮೇಡಂ, ನಿಮ್ಗೆ ಇಂಗ್ಲಿಷ್ ಬತ್ತದಾ? ಸ್ವಲ್ಪ ಯೋಳಿ ಈಯಮ್ಮಂಗೆ. ಇದು ಇ-ಸಿಗರೇಟು, ನಮ್ಮ ದೇಶದಲ್ಲಿ ಬ್ಯಾನು. ಇದನ್ನ ನಾವು ತಗೀಬೇಕಾಯ್ತದೆ. ಇಲ್ಲಿ ಕುಂತ್ಕಂಡು ಸೇದಿದ್ದಕ್ಕೆ ದಂಡ ಬೇರೆ."

ನಾನು ಹೇಳಿದೆ. ಆಕೆ ಮೊದಲು ನಕ್ಕಳು, ತಮಾಷೆ ಅಂದುಕೊಂಡಿರಬೇಕು. ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ನಡುವೆ ಬಂದೇಬಿಟ್ಟಳು.

"ಸ್ವಾಮೀ, ಅದು ದಮ್ಮಿನ ಔಷ್ದಿ. ಕಿತ್ಕಬ್ಯಾಡಿ, ಉಸ್ರು ನಿಂತೋದ್ರೆ ನಮ್ಮ ಒಲದ ಮುಂದೆ ಎಣ ಬೀಳ್ತದೆ."

"ದಮ್ಮಲ್ಲ ಕಣವ್ವೋ, ಇದು ಸಿಗರೇಟು. ಕರೆಂಟಿಂದು."

"ಕರೆಂಟಿಂದಾ? ತಂತಿ ಎಲ್ಲದೆ?"

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಅವರೂ ಚಾಮರಾಜನಗರದ ಹತ್ತಿರದ ಚಂದಕವಾಡಿಯವರಂತೆ, ಅತ್ತೆಯ ಮಾತಿನ ಧಾಟಿಗೆ ಅವರ ಗಟ್ಟಿದನಿ ಇಳಿದುಹೋಯಿತು. ಆದರೂ ಕೆಲಸ ಬಿಡಲಿಲ್ಲ. ರಸೀದಿ ಹರಿದುಕೊಟ್ಟು, ಆ ಪೆನ್ನನ್ನು ಲಕೋಟೆಗೆ ಹಾಕಿ ಅಂಟಿಸಿದರು. ಆಕೆ ವಾದ ಮಾಡದೆ ದಂಡ ಕಟ್ಟಿದಳು. ಆಮೇಲೆ ನನ್ನನ್ನು ಕೇಳಿದಳು, ಇಲ್ಲಿ ಮಾಮೂಲಿ ಸಿಗರೇಟು ಸಿಗುತ್ತದೆಯೇ?

"ಸಿಗುತ್ತೆ. ರಸ್ತೆ ಆಚೆ ಆ ಗೂಡಂಗಡಿಯಲ್ಲೇ ಇದೆ."

"ಅದನ್ನು ಮಾರಬಹುದಾ?"

"ಮಾರಬಹುದು. ಈ ಬೆಂಚಿನ ಮೇಲೆ ಕೂತು ಸೇದಬಾರದು, ಅಷ್ಟೇ."

ಆಕೆಯ ಮುಖದಲ್ಲಿದ್ದ ಪ್ರಶ್ನೆಯೇ ನನ್ನದೂ ಆಗಿತ್ತು. ಇದಕ್ಕಿರುವ ನಿಷೇಧ ಅದಕ್ಕೇಕಿಲ್ಲ ಅಂತ ಸಾಹೇಬರನ್ನು ಕೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಹುಡುಗ್ರು ಇದ್ರ ವಾಸ್ನೆಗೇ ಬಿದ್ದೋಯ್ತಾರೆ ಮೇಡಂ, ಅದ್ಕೇ ಶುರುವಲ್ಲೇ ಚಿವುಟಿದ್ದು. ಬೀಡಿ ಸಿಗರೇಟು ಮರ ಆಗೋಗದೆ, ಅದನ್ನ ಎಲ್ಲಿಂದ ಕಡ್ಯಾದು? ಕಾನೂನು ಮಾಡ್ದೋನು ನಾನಲ್ಲ, ಕಾಯೋನು ನಾನು."

ಸರಿ ಅನ್ನಿಸಿತು, ಪೂರ್ತಿ ಸರಿ ಅಂತಲೂ ಅನ್ನಿಸಲಿಲ್ಲ. ಜೀಪು ಹೊರಟುಹೋಯಿತು.

ಆಕೆ ಮಾತ್ರ ಹೊರಡಲಿಲ್ಲ. ಹುಣಸೆಮರದ ಕೆಳಗೆ ಬಂದು ನಮ್ಮ ಚಾಪೆಯ ಅಂಚಿನಲ್ಲಿ ಕೂತು ಎರಡೂ ಕೈಯನ್ನು ಮಂಡಿಯ ಮಧ್ಯೆ ಇಟ್ಟುಕೊಂಡಳು. ಹೆಚ್ಚುಕಡಿಮೆ ಇಡೀ ಜೀವಮಾನ ಸಿಗರೇಟು ಸೇದಿದವಳಂತೆ. ಗಂಡ ಅದರಿಂದಲೇ ಹೋದ ಮೇಲೆ ಮಗಳಿಗೆ ಮಾತು ಕೊಟ್ಟು, ಈ ಪೆನ್ನು ಹಿಡಿದು, ಅದರೊಳಗಿನ ನಿಕೋಟಿನ್ ಅಂಶವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದಿದ್ದಳು. ಇನ್ನೇನು ಅದನ್ನೂ ಬಿಡುವ ಹಂತ. "ಬರುವ ಮುಂಚೆ ಇಲ್ಲಿನ ಹಾವುಗಳ ಬಗ್ಗೆ ಎಲ್ಲ ಓದಿಕೊಂಡೆ. ಈ ಕಾನೂನೊಂದನ್ನು ಓದಲಿಲ್ಲ" ಅಂದಳು. ಟ್ಯಾಕ್ಸಿಯವನು ಒಳ್ಳೆಯ ಹುಡುಗ. ಆಕೆಯ ಕೈ ನಡುಗುವುದನ್ನು ನೋಡಲಾರದೆ ಗೂಡಂಗಡಿಗೆ ಓಡಿ ಒಂದು ಪ್ಯಾಕು ಸಿಗರೇಟು, ಬೆಂಕಿಪೊಟ್ಟಣ ತಂದು ಮುಂದಿಟ್ಟ. ಆಕೆ ಮುಟ್ಟಲಿಲ್ಲ, ಕಣ್ಣು ಮಾತ್ರ ಅದರ ಮೇಲೆಯೇ ಇತ್ತು.

ಅತ್ತೆ ಆ ಕೈಗಳನ್ನೇ ನೋಡುತ್ತಿದ್ದಳು. "ದಮ್ಮಲ್ಲ ಕಣಮ್ಮಿ, ಇದು ಚಟ" ಅಂದಳು ಮೆಲ್ಲಗೆ. "ಬಾಯಿಗೊಂದು ಕೆಲ್ಸ ಕೊಟ್ರೆ ಸರೋಯ್ತಳೆ." ಹೇಳಿ ಸಂಚಿ ಬಿಚ್ಚಿದಳು. ಮನೆ ಬಾಗಿಲಿಗೆ ಬಂದ ಹೆಂಗಸನ್ನು ಎಲೆಅಡಿಕೆ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಕೊಡುವಾಗ ತಾನು ಹಾಕಿಕೊಳ್ಳುವುದಕ್ಕಿಂತ ಒಂದು ಚೂರೂ ಕಡಿಮೆ ಮಾಡಬಾರದು, ಅದು ಅತಿಥಿಗೆ ಮಾಡುವ ಅವಮಾನ. ಎಲೆಯ ತೊಟ್ಟು ಮುರಿದಳು, ಬೆನ್ನಿಗೆ ಸುಣ್ಣ ಸವರಿದಳು, ಅಡಿಕೆ ಇಟ್ಟಳು. ಆಮೇಲೆ ಅವಳ ಬಲಗೈ, ತನ್ನ ಪಾಡಿಗೆ ತಾನು, ಸೊಂಟದ ಸೀರೆ ಮಡಿಕೆಯೊಳಗೆ ಹೋಯಿತು. ಒಂದು ಚಿಟಿಕೆ ತೆಗೆದು ಎಲೆಗೆ ಉದುರಿಸಿತು. ಮಡಿಚಿದ ಎಲೆಯನ್ನು ಅತ್ತೆ ಎರಡೂ ಕೈಯಲ್ಲಿ ಆಕೆಗೆ ನೀಡಿದಳು.

ನಾನು ಆ ಎಲೆಯನ್ನು ಕಿತ್ತುಕೊಂಡು ಬಿಡಿಸಿದೆ. ಕಡ್ಡಿಪುಡಿ.

ತನ್ನ ಕೈ ಏನು ಮಾಡಿತು ಅಂತ ಅತ್ತೆಗೆ ಆಗ ಗೊತ್ತಾಯಿತು. ಎಲೆ ನೀಡಿದ ಕೈ ಹಾಗೇ ನಿಂತಿತು. ನನಗೆ ಸಿಟ್ಟು ನೆತ್ತಿಗೇರಿತು. ಆಣೆ ಇಟ್ಟದ್ದು, ಡಾಕ್ಟರಮ್ಮ ಹೇಳಿದ್ದು, ವಾರ ವಾರ ನಾನು ಬಸ್ಸಿನಲ್ಲಿ ನಿಂತುಕೊಂಡು ಬಂದದ್ದು, ಎಲ್ಲ ಒದರಿದೆ. ಟ್ಯಾಕ್ಸಿಯವನು ಕಾರಿನ ಹಿಂದಕ್ಕೆ ಹೋದ. ಅತ್ತೆ ತಿರುಗಿ ಬೈಯದೆ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.

ಏನದು ಅಂತ ಆಕೆ ಕೇಳಿದಳು. ಹೇಳಿದೆ, ಹೊಗೆಸೊಪ್ಪು, ಮಚ್ಚೆ, ಎಲ್ಲ. ಆಕೆ ಅತ್ತೆಯ ಕಡೆ ತಿರುಗಿ ಕೂತಳು.

"ಎಲ್ಲಿ ಬಚ್ಚಿಡುತ್ತಾಳೆ ಕೇಳು. ನಾನು ಹಿಟ್ಟಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಮಗಳು ಬಾಗಿಲಲ್ಲೇ ನನ್ನ ಕೂದಲು ಮೂಸುತ್ತಿದ್ದಳು."

ನನಗೆ ಇಷ್ಟವಿರಲಿಲ್ಲ, ಆದರೂ ಕನ್ನಡದಲ್ಲಿ ಹೇಳಿದೆ. ಅತ್ತೆಯ ಕಣ್ಣಿನಲ್ಲಿ ಬೆಳಕು ಬಂತು.

"ಇಟ್ಟಿನ ಡಬ್ಬೀಲಾ! ಪೆದ್ದಿ. ಅಲ್ಲೇ ಮೊದ್ಲು ಉಡ್ಕಾದು. ಅರಿಶ್ಣದ ಕೊಂಬಿನ ಮೂಟೇಲಿ ಇಡ್ಬೇಕು ಅಂತ ಯೋಳು. ಯಾವ ಪೋಲೀಸ್ನಿಗೂ ವಾಸ್ನೆ ಸಿಗಾಕಿಲ್ಲ."

ನಾನು ಅದನ್ನೂ ಹೇಳಿದೆ. ಆಕೆ ತಲೆ ಹಿಂದಕ್ಕೆ ಹಾಕಿ ನಕ್ಕಳು, ಅತ್ತೆಯೂ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ದೇಶ ಬೇರೆ, ಭಾಷೆ ಬೇರೆ, ಕಳ್ಳತನ ಒಂದೇ. ನಡುವೆ ಕೂತು ಇಬ್ಬರ ಗುಟ್ಟನ್ನೂ ಅತ್ತಿತ್ತ ದಾಟಿಸುತ್ತಿದ್ದ ನಾನೇ ಆ ಮಾತಿನಲ್ಲಿ ಎರಡೂ ಕಡೆಯ ಪೊಲೀಸು. ಆಕೆ ಸಿಗರೇಟು ಪ್ಯಾಕನ್ನು ಟ್ಯಾಕ್ಸಿಯವನಿಗೆ ಕೊಟ್ಟು, "ಯಾರಿಗಾದರೂ ಕೊಟ್ಟುಬಿಡು, ಎಲ್ಲಿಟ್ಟೆ ಅಂತ ನನಗೆ ಹೇಳಬೇಡ" ಅಂದಳು. ಅತ್ತೆ ಬೇರೆ ಎಲೆ ತೆಗೆದು, ಈ ಸಲ ಬರೀ ಕೊಬ್ಬರಿ ಲವಂಗ ಇಟ್ಟು ಕೊಟ್ಟಳು. ಆಕೆ ಕಣ್ಣು ಮುಚ್ಚಿ ಅಗಿದಳು.

ಅಗಿಯುತ್ತಲೇ ಕೇಳಿದಳು, "ಆ ಮಚ್ಚೆ ನೋಯುತ್ತದಾ?"

"ಇಲ್ಲ, ನೋವೇನಿಲ್ಲ ಅನ್ನುತ್ತಾಳೆ" ಅಂದೆ.

"ನಿನ್ನನ್ನಲ್ಲ ಕೇಳಿದ್ದು. ಅವಳನ್ನು ಕೇಳು."

ಕೇಳಿದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಚೊಂಬಿನ ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿ ಗಿಡದ ಬುಡಕ್ಕೆ ಉಗಿದಳು. ಆಮೇಲೆ ಆಕೆಯ ಎದುರಿಗೆ ಸರಿದು ಕೂತು, ಬೆರಳಿನಿಂದ ಕೆನ್ನೆ ಎಳೆದು ಬಾಯಿ ತೆರೆದಳು. ವಾರ ವಾರ ಬೇಡಿಕೊಂಡರೂ ನನಗೆ ತೋರಿಸದ ಬಾಯಿ. ಆಕೆ ಮೊಬೈಲಿನ ಬೆಳಕು ಹಿಡಿದು ನೋಡಿದಳು. ನೋಡಿ ಮೆಲ್ಲಗೆ ಸರಿದು ನನಗೆ ಜಾಗ ಬಿಟ್ಟಳು. ಮಚ್ಚೆ ಈಗ ಬಿಳಿ ಇರಲಿಲ್ಲ, ಕೆಂಪಗೆ ಒಡೆದಿತ್ತು.

"ಸುಡ್ತದೆ ಅಂತ ಯೋಳು ಅವ್ಳಿಗೆ" ಅಂದಳು ಅತ್ತೆ, ಆಕೆಯನ್ನೇ ನೋಡುತ್ತಾ. "ಕಾರ ತಿನ್ನಾಕಾಗಾಕಿಲ್ಲ. ಮುದ್ದೆನೂ ಮಜ್ಜಿಗೇಲಿ ಕಲ್ಸ್ಕಂಡು ಒಂದೇ ಮಗ್ಗುಲಲ್ಲಿ ನುಂಗ್ತೀನಿ. ರಾತ್ರೆ ನಿದ್ದೆ ಬರಾಕಿಲ್ಲ. ಭಯ ಆಯ್ತದೆ ಅಂತ ಯೋಳು ಅವ್ಳಿಗೆ."

ಪ್ರತಿ ಭಾನುವಾರ ಎದುರಿಗೆ ಕೂತು ಉಂಡಿದ್ದ ನನಗೆ ಇದೊಂದೂ ಗೊತ್ತಿರಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ನಾನು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದೆ.